ಚಿಕ್ಕಪಡಸಲಗಿಯ ಶ್ರಮಬಿಂದು ಸಾಗರ

ಅಣೆಕಟ್ಟು ನೋಡಿಬರುವುದೆಂದರೆ ನಮ್ಮ ಪಟ್ಟಣವಾಸಿಗಳ ಮನಸ್ಸಿನಲ್ಲಿ ಒಂದು ಸಿದ್ಧಚಿತ್ರವುಂಟು. ಎರಡು ಗುಡ್ಡಗಳು, ಅವುಗಳ ನಡುವೆ ಎದ್ದ ಭಾರಿ ಗೋಡೆ, ಗೋಡೆಯ ಹಿಂದೆ ಕಣ್ಣು ಹರಿಯುವವರೆಗೂ ನೀರು, ಮುಂದೆ ಕಾರಂಜಿಗಳ ತೋಟ, ತೋಟದ ಹುಲ್ಲಿನ ಮೇಲೆ ಬಿಚ್ಚಿದ ಬುತ್ತಿ. ಕನ್ನಂಬಾಡಿಯನ್ನು ಕಂಡವರಿಗೆ ಇದನ್ನು ಬಣ್ಣಿಸಬೇಕಾದುದಿಲ್ಲ. ಉತ್ತರದ ಕಡೆಗೆ ಹೋದವರು ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ, ಮಲಪ್ರಭೆಯು ಗುಡ್ಡವನ್ನು ಸೀಳಿಕೊಂಡು ಬರುವ ಸ್ಥಳದಲ್ಲಿಯೇ ಅದಕ್ಕೆ ಅಡ್ಡಲಾಗಿ ನಿಂತ ಕಟ್ಟೆಯನ್ನು ನೋಡಿ ಬೆರಗಾಗಿರಬಹುದು. ಹಿಡಕಲ್ಲಿನಲ್ಲಿ ಘಟಪ್ರಭೆಯ ಜಲಾಶಯವನ್ನು ಮಳೆಗಾಲದ ಕೊನೆಯಲ್ಲಿ ಕಂಡವರು ಅದನ್ನು ಬಹುಕಾಲ ಮರೆಯರು. ಇವೆಲ್ಲ ನೋಡತಕ್ಕವೇ ಸರಿ. ನಾವೂ ನೋಡಿದ್ದೇವೆ, ಸಂತೋಷಪಟ್ಟಿದ್ದೇವೆ.

ಈಗ ನಾವು ಹೇಳಲು ಹೊರಟಿರುವ ಸ್ಥಳದಲ್ಲಿ ತೋಟವಿಲ್ಲ, ಕಾರಂಜಿಯಿಲ್ಲ. ಗುಡ್ಡಗಳು ಕೂಡ ತುಸು ದೂರವೇ. ಜಮಖಂಡಿ ಊರಿನ ಸುತ್ತ ಗುಡ್ಡಗಳಿವೆ. ಪಟವರ್ಧನ ಮನೆತನದ ಅರಸರು ಅಲ್ಲಿನ ರಾಮತೀರ್ಥದ ಎತ್ತರದಲ್ಲಿ ಅರಮನೆಯನ್ನು ಕಟ್ಟಿಸಿದರು. ಆ ಊರಿನಿಂದ ವಿಜಯಪುರದ ದಾರಿ ಹಿಡಿದರೆ ನೆಲ ಇಳಿಯುತ್ತ ಇಳಿಯುತ್ತ ಕರಿಮಣ್ಣಿನ ಬಯಲಾಗಿ, ಕಬ್ಬಿನ ಹೊಲಗಳ ನಡುವೆ ಸಾಗಿ, ಕೃಷ್ಣೆಯನ್ನು ಮುಟ್ಟುತ್ತದೆ. ಅಲ್ಲಿರುವ ಊರೇ ಚಿಕ್ಕಪಡಸಲಗಿ. ಅಲ್ಲಿ ನದಿಗೆ ಅಡ್ಡಲಾಗಿ ಸಾಲುಗಂಬಗಳೂ ಅವುಗಳ ನಡುವೆ ಬಾಗಿಲುಗಳೂ ಇರುವ ಒಂದು ಕಟ್ಟಡವಿದೆ. ಒಂದು ನೋಟಕ್ಕೆ ಇಷ್ಟೇ. ಇದನ್ನು ನೋಡುವುದಕ್ಕೆ ಇಷ್ಟು ದೂರ ಬರಬೇಕಾಗಿತ್ತೇ ಎಂದು ನಮ್ಮ ಸಂಗಡ ಬಂದಿದ್ದ ಮಿತ್ರರೊಬ್ಬರು ಕೇಳಿಯೇ ಬಿಟ್ಟರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸುತ್ತೇವೆ.

ಮೊದಲು, ಇಲ್ಲಿ ಗಗನಚುಂಬಿಯಾದ ಗೋಡೆ ಏಕಿಲ್ಲವೆಂಬುದನ್ನು ನೋಡೋಣ. ಗುಡ್ಡಗಳ ನಡುವಣ ಕಣಿವೆಯಲ್ಲಿ ಗಿಡ್ಡನೆಯ ಗೋಡೆಯಿಂದಲೇ ಬಹಳ ನೀರನ್ನು ನಿಲ್ಲಿಸಬಹುದು; ಜಲಾಶಯದ ಮೂರು ಪಕ್ಕಗಳನ್ನು ಪ್ರಕೃತಿಯೇ ಕಟ್ಟಿಕೊಟ್ಟಿರುತ್ತದೆ, ಮನುಷ್ಯನು ನಾಲ್ಕನೆಯದನ್ನು ಕಟ್ಟಿದರೆ ಸಾಕು. ಬಯಲಿನಲ್ಲಿ ಆ ಉಪಕಾರವಿಲ್ಲ. ಅಲ್ಲಿ ಗೋಡೆಯನ್ನು ಒಂದು ಮಾರು ಎತ್ತರಿಸಿದರೆ ನೀರು ಎರಡು ದಂಡೆಗಳನ್ನೂ ಮೀರಿ ಊರು ಹೊಲಗಳಿಗೆ ನುಗ್ಗುತ್ತದೆ. ಆದಕಾರಣ ಬಯಲು ನದಿಗೆ ತಕ್ಕುದು ಬ್ಯಾರೇಜು. ಅಣೆಕಟ್ಟು ಮಳೆಗಾಲದ ನೀರನ್ನು ಕೂಡಿಡುವ ಕಣಜ. ಬ್ಯಾರೇಜಾದರೋ ನದಿಗೆ ಹಾಕಿದ ಬಾಗಿಲು. ಮಹಾಪೂರ ಬಂದಾಗ ಬಾಗಿಲುಗಳನ್ನೆಲ್ಲ ತೆರೆದುಬಿಡುತ್ತಾರೆ. ನದಿಯು ತನ್ನ ಕೆಸರು, ಕಸಕಡ್ಡಿ, ರಭಸ ಎಲ್ಲವನ್ನೂ ಹೊತ್ತು ತನ್ನ ಪಾಡಿಗೆ ಹೋಗುತ್ತದೆ. ಪ್ರವಾಹ ಇಳಿದು ತಿಳಿನೀರು ಹರಿಯತೊಡಗಿದಾಗ ಬಾಗಿಲುಗಳನ್ನು ಮುಚ್ಚುತ್ತಾರೆ. ಆಗ ನಿಲ್ಲುವ ನೀರು ನದಿಯ ಪಾತ್ರದೊಳಗೇ ಮೈಲಿಗಟ್ಟಲೆ ಹಿಂದಕ್ಕೆ ಚಾಚಿಕೊಂಡಿರುತ್ತದೆ. ದಂಡೆಯ ಮೇಲೆ ನಿಂತವನಿಗೆ ಅದು ಜಲಾಶಯವೆಂದು ತೋರುವುದೇ ಇಲ್ಲ. ನದಿಯು ಏಕೋ ನಿಧಾನಿಸಿದೆ ಎಂದಷ್ಟೇ ತೋರುತ್ತದೆ.

ಇಂಥ ಕಟ್ಟೆಗೆ ಈ ಸೀಮೆ ಹೊಸದೇನಲ್ಲ. ನೆರೆಯ ಕೊಲ್ಲಾಪುರ ಸಂಸ್ಥಾನದಲ್ಲಿ ಕಂಬಗಳ ನಡುವಿನ ಗಾಡಿಗಳಲ್ಲಿ ಹಲಗೆಗಳನ್ನು ಇಳಿಬಿಟ್ಟು ನೀರು ನಿಲ್ಲಿಸುವ ಬಂಧಾರಗಳು ರೂಢಿಗೆ ಬಂದು, ಇಂಜಿನಿಯರುಗಳ ಪುಸ್ತಕಗಳಲ್ಲಿ ಕೊಲ್ಲಾಪುರ ಮಾದರಿ ಎಂಬ ಹೆಸರನ್ನೇ ಪಡೆದಿವೆ. ಚಿಕ್ಕಪಡಸಲಗಿಯ ಹೆಚ್ಚುಗಾರಿಕೆ ಇರುವುದು ಕಟ್ಟಡದ ಮಾದರಿಯಲ್ಲಲ್ಲ, ಅದನ್ನು ಕಟ್ಟಿಸಿದವರಲ್ಲಿ.

ಕೃಷ್ಣೆಯು ಹುಟ್ಟುವ ಮಹಾಬಲೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಸಹ್ಯಾದ್ರಿಯ ಮರೆಯಲ್ಲಿರುವ ಜಮಖಂಡಿ, ಮುಧೋಳ, ಬೀಳಗಿಗಳ ಪಾಲಿಗೆ ಬರುವುದು ಆರುನೂರನ್ನು ಮುಟ್ಟದ ಮಳೆ. ಹೀಗಾಗಿ ಈ ಜನರ ಮನೆಯ ಮುಂದೆ ಮಳೆಗಾಲದಲ್ಲಿ ಬೇರೆಯವರ ಮಳೆ ತುಂಬಿ ಹರಿಯುತ್ತಿತ್ತು. ಬೇಸಿಗೆಯಲ್ಲಿ ಅದೇ ನದಿಯ ಪಾತ್ರದಲ್ಲಿ ಮರಳು ಕಾಯುತ್ತಿತ್ತು. ದಂಡೆಯ ರೈತರು ಪಂಪು ಕೂಡಿಸಿ, ಕೊಳವೆ ಹಾಕಿಸಿ, ಸಾಲ ತೆಗೆದು ಕಬ್ಬು ನೆಟ್ಟಿದ್ದರು. ಫಾಲ್ಗುಣ ಕಳೆದು ಚೈತ್ರ ಬರುವಷ್ಟರಲ್ಲಿ ಪಂಪಿನ ಬಾಯಿಗೆ ನೀರು ನಿಲುಕದು. ನೀರಿಲ್ಲದ ನಾಡಿನ ಬಡತನ ಒಂದು ತೆರ. ನದಿ ಹಿತ್ತಲಲ್ಲಿಯೇ ಇದ್ದು, ಬೆಳೆದ ಪೈರು ಕಣ್ಣೆದುರಿಗೆ ಒಣಗುವ ಬಡತನ ಇನ್ನೊಂದು ತೆರ. ಎರಡನೆಯದೇ ಹೆಚ್ಚು ಸುಡುತ್ತದೆಂದು ನಮಗೆ ತೋರುತ್ತದೆ.

ಅಂಥ ಸ್ಥಿತಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರದ ರೈತರು ಸಂಘ ಕಟ್ಟಿಕೊಂಡರು. ಸರ್ಕಾರವು ಕಟ್ಟಿಸುವ ದಿನಕ್ಕಾಗಿ ಕಾಯದೆ ತಾವೇ ಹಣ ಕೂಡಿಸಿದರು, ಮೈಮುರಿದು ದುಡಿದರು. ಸುಮಾರು ಒಂದು ಕೋಟಿ ರೂಪಾಯಿಯ ಆ ಕೆಲಸದಲ್ಲಿ ಹೆಚ್ಚಿನ ಪಾಲು ರೈತರ ಕೈಯಿಂದಲೇ ಬಂದಿತು. 1989ರಲ್ಲಿ ಬ್ಯಾರೇಜು ನಿಂತಿತು. ರೈತರೇ ಕಟ್ಟಿದ ಖಾಸಗಿ ಬ್ಯಾರೇಜು ಭಾರತದಲ್ಲಿ ಇದೇ ಮೊದಲನೆಯದೆಂದು ಹೆಸರಾಯಿತು. ನ್ಯಾಮಗೌಡರಿಗೆ ಬ್ಯಾರೇಜ್ ಸಿದ್ದು ಎಂಬ ಹೆಸರೇ ಅಂಟಿಕೊಂಡಿತು. ಎರಡೇ ವರ್ಷಗಳಲ್ಲಿ, 1991ರ ಲೋಕಸಭೆಯ ಚುನಾವಣೆಯಲ್ಲಿ, ಅವರು ಬಾಗಲಕೋಟೆಯಿಂದ ನಿಂತು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ, ಕೇಂದ್ರದಲ್ಲಿ ಮಂತ್ರಿಯೂ ಆದರು. ಮುಂದೆ ಜಮಖಂಡಿಯ ಶಾಸಕರಾಗಿ, 2018ರ ಮೇ ತಿಂಗಳಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಅವರ ರಾಜಕೀಯವನ್ನು ಕುರಿತು ಅವರವರ ಅಭಿಪ್ರಾಯ ಅವರವರಿಗಿರಲಿ. ನದಿಗೆ ಅಡ್ಡಲಾಗಿ ನಿಂತ ಕಂಬಗಳ ವಿಚಾರದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಈ ನೀರಿಗೆ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ಶ್ರಮದ ಬಿಂದು ಎಂದರೆ ಬೆವರ ಹನಿ. ಹೆಸರನ್ನು ಕೇಳಿದಾಗ, ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಇದೇ ಸೀಮೆಯ ಇನ್ನೊಂದು ಬೆವರಿನ ನೆನಪಾಗದೆ ಇರದು. ಹತ್ತನೆಯ ಶತಮಾನದ ರನ್ನನು ಮುದುವೊಳಲಿನವನು, ಎಂದರೆ ಇಲ್ಲಿಗೆ ಹತ್ತಿರದ ಮುಧೋಳದವನು. ಅವನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದೊಳಗೆ ಅಡಗಿದ ದುರ್ಯೋಧನನಿಗೆ, ದಂಡೆಯಿಂದ ಭೀಮನ ಗರ್ಜನೆ ಕೇಳಿಸಿದೊಡನೆ, ಆ ತಣ್ಣೀರಿನಲ್ಲಿಯೂ ಮೈ ಬೆವರುತ್ತದೆ. ಅಲ್ಲಿ ನೀರಿನಿಂದ ಹೊರಟ ಬೆವರು. ಇಲ್ಲಿ ಬೆವರಿನಿಂದ ಹೊರಟ ನೀರು. ಹೆಸರಿಟ್ಟವರ ಮನಸ್ಸಿನಲ್ಲಿ ರನ್ನನಿದ್ದನೋ ಇಲ್ಲವೋ, ಅಧ್ಯಾಪಕರಿಗೆ ಇಂಥ ಸಂಬಂಧ ಹಚ್ಚುವ ಚಟ ಬಿಡದು.

ಕಥೆ ಇಲ್ಲಿಗೆ ಮುಗಿದಿದ್ದರೆ ಹೇಳುವುದು ಸುಲಭವಾಗಿತ್ತು. ಆದರೆ ನದಿಯ ಮೇಲೆ ಯಾರೂ ಒಬ್ಬರೇ ಕಟ್ಟುವುದಿಲ್ಲ. ಕೆಳಗಡೆ ಆಲಮಟ್ಟಿಯಲ್ಲಿ 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ್ದ ಮಹಾ ಅಣೆಕಟ್ಟು ದಶಕಗಳ ಕಾಲ ತೆವಳಿ ಕೊನೆಗೆ ಎದ್ದು ನಿಂತಿತು. ಅದರಲ್ಲಿ 519.6 ಮೀಟರಿನ ಮಟ್ಟದವರೆಗೆ ನೀರು ನಿಲ್ಲಿಸಬಹುದೆಂದು 2000ದ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ಮಟ್ಟಕ್ಕೆ ತುಂಬಿದಾಗ ಜಲಾಶಯವು ಹಿಡಿಯುವುದು ಸುಮಾರು 123 ಟಿ.ಎಂ.ಸಿ. ನೀರು. ಅದರ ಹಿನ್ನೀರು ಹಳೆಯ ಬಾಗಲಕೋಟೆಯ ಕೇರಿಗಳನ್ನು ನುಂಗಿತು, ಬೀಳಗಿಯ ಕಡೆಯ ಹೊಲಗಳನ್ನು ಹೊಕ್ಕಿತು, ನದಿಯ ಗುಂಟ ಏರಿ ಚಿಕ್ಕಪಡಸಲಗಿಗೂ ಬಂದಿತು. ರೈತರು ಕಟ್ಟಿದ ಬಾಗಿಲು ಈಗ ಬೇರೊಂದು ದೊಡ್ಡ ಮನೆಯ ಹಿತ್ತಲೊಳಗೆ ಸೇರಿಹೋಯಿತು.

ಹಾಗಾದರೆ ಅದರ ಪ್ರಯೋಜನ ತೀರಿತೆ ಎಂದರೆ, ಇಲ್ಲ. ಇದನ್ನು ತಿಳಿದುಕೊಂಡ ಮೇಲೆಯೇ ನಮ್ಮ ಮಿತ್ರರ ಮುಖ ಅರಳಿದ್ದು. ಆಲಮಟ್ಟಿಯ ನೀರು ಕಾಲುವೆಗಳಿಗೂ ಕೆಳಗಿನ ನಾರಾಯಣಪುರಕ್ಕೂ ಹೋಗುತ್ತ ಚಳಿಗಾಲ ಕಳೆದಂತೆ ಇಳಿಯುತ್ತದೆ, ಹಿನ್ನೀರು ಪೂರ್ವಕ್ಕೆ ಸರಿಯುತ್ತದೆ. ಆ ಹೊತ್ತಿಗೆ ಬ್ಯಾರೇಜಿನ ಬಾಗಿಲುಗಳು ಮುಚ್ಚಿದ್ದರೆ ಮೇಲ್ಗಡೆಯ ನೀರು ಅದರ ಸಂಗಡ ಓಡಿಹೋಗದೆ ನಿಲ್ಲುತ್ತದೆ. ಹೊಲಗಳಿಗೆ ಎಳೆದೆಳೆದು ಅದೂ ತಗ್ಗಿದಾಗ, ಕೆಳಗೆ ಉಳಿದಿರುವ ಹಿನ್ನೀರನ್ನು ಯಂತ್ರಗಳಿಂದ ಎತ್ತಿ ಕಟ್ಟೆಯ ಮೇಲ್ಗಡೆಗೆ ಸುರಿಯುವ ಪದ್ಧತಿಯನ್ನು ರೈತರು ರೂಢಿಸಿಕೊಂಡರು. ಯೋಚಿಸಿ ನೋಡಿರಿ: ಮಹಾಬಲೇಶ್ವರದಿಂದ ಇಳಿದು ಈ ಊರನ್ನು ದಾಟಿ ಹೋದ ನೀರನ್ನು ಹಿಂದಕ್ಕೆ ಕರೆದು, ನದಿಯನ್ನು ಅದರ ಮೂಲದ ಕಡೆಗೆ ಒಂದು ಮೆಟ್ಟಿಲು ಹತ್ತಿಸುವುದು. ಇಂಥದನ್ನು ಪುರಾಣದಲ್ಲಿ ಋಷಿಗಳು ಮಾಡುತ್ತಿದ್ದರು. ಇಲ್ಲಿ ವಿದ್ಯುತ್ತಿನ ಬಿಲ್ಲು ಕಟ್ಟಿ ಒಕ್ಕಲಿಗರು ಮಾಡಿದ್ದಾರೆ.

ಆ ನೀರು ಎಲ್ಲಿಗೆ ಹೋಗುತ್ತದೆಂಬುದನ್ನೂ ಲೆಕ್ಕ ಹಾಕಬೇಕು. ಪತ್ರಿಕೆಗಳಲ್ಲಿ ನಾವು ದಿನವೂ ಓದುವ ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರು. ಒಂದು ಮೀಟರು ಆಳದಲ್ಲಿ ಹರಡಿದರೆ ಏಳು ಸಾವಿರ ಎಕರೆಯನ್ನು ಮುಚ್ಚುವಷ್ಟು ನೀರು. ಕಬ್ಬು ನೆಟ್ಟಂದಿನಿಂದ ಕಡಿಯುವವರೆಗೆ ಬೇಡುವುದು ಹೆಚ್ಚುಕಡಿಮೆ ಎರಡು ಮೀಟರು ನೀರನ್ನು, ಎಂದರೆ ಇಲ್ಲಿನ ಮಳೆಯ ಮೂರು ನಾಲ್ಕು ಪಟ್ಟು. ಒಂದು ಹನಿಯೂ ಪೋಲಾಗದೆ ಇದ್ದರೂ ಒಂದು ಟಿ.ಎಂ.ಸಿ.ಯಿಂದ ಮೂರೂವರೆ ಸಾವಿರ ಎಕರೆ ಕಬ್ಬು ಬೆಳೆಯಬಹುದು. ಪೋಲಾಗದೆ ಇರುವುದುಂಟೆ? ವೈಶಾಖದ ಬಿಸಿಲು ತೆರೆದ ನೀರಿನಿಂದ ದಿನಕ್ಕೆ ಒಂದು ಸೆಂಟಿಮೀಟರಿನಷ್ಟನ್ನು ಹೀರಿಬಿಡುತ್ತದೆ. ಇದೇ ಕರಿಮಣ್ಣಿನಲ್ಲಿ ಹಿಂದಿನವರು ಹಿಂಗಾರಿಯ ಬಿಳಿಜೋಳವನ್ನು ನೆಲದಲ್ಲಿ ಉಳಿದ ತೇವದಿಂದಲೇ ತೆಗೆಯುತ್ತಿದ್ದರು. ಜೋಳದ ರೊಟ್ಟಿಯನ್ನು ಹೊಗಳುತ್ತ ಕಬ್ಬನ್ನು ಬೈಯುವುದು ಪಟ್ಟಣದವರಿಗೆ ಸುಲಭ. ಮಗಳ ಮದುವೆ, ಮಗನ ಓದು ಇವನ್ನು ಯಾವ ಬೆಳೆ ನಡೆಸುತ್ತದೆಂದು ರೈತನನ್ನು ಕೇಳಿದರೆ ನಾವು ಸುಮ್ಮನಾಗಬೇಕಾಗುತ್ತದೆ.

ಆದರೂ ಒಂದು ಮಾತನ್ನು ಮುಚ್ಚಿಡಲಾಗದು. ಕರಿಮಣ್ಣು ನೀರನ್ನು ಹಿಡಿಯುವುದರಲ್ಲಿ ಜಾಣ, ಬಿಡುವುದರಲ್ಲಿ ಮೊಂಡ. ಅದಕ್ಕೆ ಮಿತಿಮೀರಿ ಉಣಿಸಿದರೆ ನೀರು ಕೆಳಗೆ ಬಸಿಯದೆ ಬೇರಿನ ಹತ್ತಿರವೇ ನಿಂತು ನೆಲ ಜೌಳಾಗುತ್ತದೆ. ಬಿಸಿಲಿಗೆ ಆ ನೀರು ಮೇಲಕ್ಕೆ ಸೆಳೆದು ಆರಿದಾಗ ಒಳಗಿನ ಉಪ್ಪು ಮೇಲ್ಮೈಯಲ್ಲಿ ಬೆಳ್ಳಗೆ ಕೂರುತ್ತದೆ. ಅದನ್ನೇ ಸವಳು ಎನ್ನುತ್ತಾರೆ. ನದಿಯ ದಂಡೆಯ ಸೀಮೆಗಳಲ್ಲಿ, ಒಂದು ಕಾಲಕ್ಕೆ ಅಣ್ಣತಮ್ಮಂದಿರು ಗೇಣು ನೆಲಕ್ಕೆ ಕಾದಾಡುತ್ತಿದ್ದಂಥ ಫಲವತ್ತಾದ ಹೊಲಗಳು ಹೀಗೆ ಬಿಳುಪೇರಿ ಬಿದ್ದಿರುವುದನ್ನು ನೋಡಬಹುದು. ನೆಲದಡಿಯಲ್ಲಿ ತೂತುಗಳುಳ್ಳ ಕೊಳವೆಗಳನ್ನು ಹೂಳಿ ಹೆಚ್ಚಿನ ನೀರನ್ನು ಬಸಿದು ತೆಗೆದರೆ ನೆಲ ಸುಧಾರಿಸುತ್ತದೆ. ಆದರೆ ಒಬ್ಬನ ಹೊಲದಲ್ಲಿ ಬಸಿದ ನೀರು ಮುಂದಿನವನ ಹೊಲವನ್ನು ದಾಟಿಯೇ ಹಳ್ಳ ಸೇರಬೇಕು. ಹೀಗಾಗಿ ನೀರನ್ನು ತರುವುದಕ್ಕೆ ಬೇಕಾದಷ್ಟೇ ಒಗ್ಗಟ್ಟು, ಅದನ್ನು ಹೊರಕ್ಕೆ ಕಳಿಸುವುದಕ್ಕೂ ಬೇಕು.

ಮುಂದಿನ ಪ್ರಶ್ನೆ ಇದಕ್ಕಿಂತ ದೊಡ್ಡದು. 2010ರ ಡಿಸೆಂಬರಿನಲ್ಲಿ ಕೃಷ್ಣಾ ನದಿಯ ಎರಡನೆಯ ನ್ಯಾಯಾಧಿಕರಣವು ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಹೇಳುವಾಗ ನಾಲ್ಕೂವರೆ ಮೀಟರಿನ ಏರಿಕೆ. ಬಯಲಿನಲ್ಲಿ ಅದು ಹರಡುವುದು ಹಳ್ಳಿಗಳ ಲೆಕ್ಕದಲ್ಲಿ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ ಕ್ಷಣಕ್ಕೆ 5 ಲಕ್ಷ ಘನ ಅಡಿಗೂ ಮೀರಿ ನೀರನ್ನು ಬಿಡಬೇಕಾಗಿ ಬಂದಾಗ, ಜಮಖಂಡಿ ತಾಲ್ಲೂಕಿನ ತೀರದ ಊರುಗಳ ಜನ ದನಕರುಗಳನ್ನು ಅಟ್ಟಿಕೊಂಡು ದಿಬ್ಬಗಳ ಮೇಲೆ ವಾಸಮಾಡಿದ್ದರು. ನೀರಿಗಾಗಿ ಬ್ಯಾರೇಜು ಕಟ್ಟಿದವರ ಮಕ್ಕಳು ಮೊಮ್ಮಕ್ಕಳು ಈಗ ನೀರು ಎಲ್ಲಿಯವರೆಗೆ ಬಂದೀತು ಎಂದು ನಕಾಶೆ ಬಿಚ್ಚಿ ನೋಡುವ ಕಾಲ ಬಂದಿದೆ.

ಹೋಗಬಯಸುವವರಿಗೆ ಎರಡು ಮಾತು. ಮಳೆಗಾಲದಲ್ಲಿ ಹೋದರೆ ಕೆಂಪು ಪ್ರವಾಹವನ್ನು ಕಾಣುವಿರೇ ಹೊರತು ಬ್ಯಾರೇಜನ್ನಲ್ಲ. ಚಳಿಗಾಲ ಕಳೆದ ಮೇಲೆ ಹೋಗಿರಿ. ಕಟ್ಟೆಯ ಎರಡು ಕಡೆಯ ನೀರು ಬೇರೆಬೇರೆ ಮಟ್ಟದಲ್ಲಿ ನಿಂತಿರುವುದು ಆಗಲೇ ಕಾಣುವುದು. ತಣ್ಣಗಿದೆಯೆಂದು ನೀರಿಗಿಳಿಯಬೇಡಿರಿ, ಕೃಷ್ಣೆಯಲ್ಲಿ ಮೊಸಳೆಗಳಿವೆ. ಸಮಯವಿದ್ದರೆ ರಬಕವಿ ಬನಹಟ್ಟಿಗಳಿಗೆ ಹೋಗಿ ಮಗ್ಗಗಳನ್ನು ನೋಡಿರಿ. ಆ ದಾರಿಯಲ್ಲಿ, ನದಿಯ ಮೇಲ್ಗಡೆ, ಹಿಪ್ಪರಗಿಯಲ್ಲಿ ಸರ್ಕಾರವು ಅನಂತರ ಕಟ್ಟಿಸಿದ ದೊಡ್ಡ ಬ್ಯಾರೇಜೂ ಇದೆ.

ನಾವು ಹೊರಡುವ ಹೊತ್ತಿಗೆ ಸಂಜೆಯಾಗಿತ್ತು. ಮೇಲ್ಗಡೆಯ ನೀರು ಅಲೆಯಿಲ್ಲದೆ, ಬಾಗಿಲಿನ ಅಂಚಿಗೆ ತಾಗಿ ನಿಂತಿತ್ತು. ದಂಡೆಯ ಮೇಲೆ ತಗಡಿನ ಗೂಡುಗಳು, ಅವುಗಳಿಂದ ಹೊಲದ ಕಡೆಗೆ ಹೋದ ಕೊಳವೆಗಳು. ಅಲ್ಲಿ ಕುಳಿತಿದ್ದ ಹುಡುಗನೊಬ್ಬನು ಗೂಡಿನೊಳಗಿನ ದೀಪವನ್ನೇ ನೋಡುತ್ತಿದ್ದನು. ಅದು ಹೊತ್ತಿಕೊಂಡಿತು, ಕರೆಂಟು ಬಂದಿತ್ತು. ಅವನು ಎದ್ದು ಗುಂಡಿಯೊತ್ತಿದನು. ಆಮೇಲೆ ಎರಡು ದಂಡೆಗಳಲ್ಲಿಯೂ ಪಂಪುಗಳು ಒಂದೊಂದಾಗಿ ಓಡತೊಡಗಿದವು.