ಕೃಷ್ಣಾ ತೀರದ ಮತ: ಪಕ್ಷಕ್ಕೋ, ವ್ಯಕ್ತಿಗೋ?

ಕಾಗವಾಡದಲ್ಲಿ ಚುನಾವಣೆಯ ಬ್ಯಾನರ್ ಬರೆಯುವವರಿಗೆ 2019ರಲ್ಲಿ ಹೆಸರು ಬದಲಿಸುವ ತೊಂದರೆಯೇ ಇರಲಿಲ್ಲ. ಹಳೆಯ ಹೆಸರುಗಳ ಪಕ್ಕದ ಚಿಹ್ನೆಗಳನ್ನು ಅದಲುಬದಲು ಮಾಡಿದ್ದರೆ ಸಾಕಿತ್ತು! 2018ರಲ್ಲಿ ಕಾಂಗ್ರೆಸ್ಸಿನ ಶ್ರೀಮಂತ ಪಾಟೀಲರು ಬಿಜೆಪಿಯ ರಾಜು ಕಾಗೆಯವರನ್ನು ಸೋಲಿಸಿದ್ದರು. ಮರುವರ್ಷ ಡಿಸೆಂಬರ್ 5ರ ಉಪಚುನಾವಣೆಯ ಹೊತ್ತಿಗೆ ಪಾಟೀಲರದು ಕಮಲ, ಕಾಗೆಯವರದು ಕೈ. ಗೆದ್ದವರು ಮತ್ತೆ ಪಾಟೀಲರೇ. 2023ರಲ್ಲೂ ಅದೇ ಇಬ್ಬರು, ಅವೇ ಚಿಹ್ನೆಗಳು. ಆದರೆ ಆ ಸಲ ಗೆಲುವು ಕಾಗೆಯವರ ಪಾಲಾಯಿತು.

ಪಕ್ಕದ ಅಥಣಿಯದೂ ಇಂಥದೇ ಕಥೆ. 2018ರಲ್ಲಿ ಬಿಜೆಪಿಯ ಲಕ್ಷ್ಮಣ ಸವದಿ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿಯವರ ಎದುರು 2,331 ಮತಗಳಿಂದ ಸೋತರು. ಕುಮಠಳ್ಳಿ ಪಕ್ಷ ಬಿಟ್ಟು, ಅನರ್ಹಗೊಂಡು, ಉಪಚುನಾವಣೆಯಲ್ಲಿ ಕಮಲದ ಚಿಹ್ನೆಯಿಂದ ಗೆದ್ದು ಬಂದರು. 2023ರಲ್ಲಿ ಬಿಜೆಪಿ ಟಿಕೆಟ್ ತಪ್ಪಿದ ಸವದಿ ಕಾಂಗ್ರೆಸ್ ಸೇರಿ, ಅದೇ ಕುಮಠಳ್ಳಿಯವರನ್ನು 76 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಸೋಲಿಸಿದರು. ಹಾಗಾದರೆ ಈ ಸೀಮೆಯ ಮತದಾರನ ಪಕ್ಷ ಯಾವುದು?

ಒಂದು ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಿತ್ತು. 1967ರಿಂದ 1991ರವರೆಗೆ ಚಿಕ್ಕೋಡಿ ಲೋಕಸಭಾ ಕ್ಷೇತ್ರ ಸತತ ಏಳು ಬಾರಿ ಕಾಂಗ್ರೆಸ್ಸಿನ ಬಿ. ಶಂಕರಾನಂದರನ್ನು ಆರಿಸಿ ಕಳಿಸಿತು. 1996ರಲ್ಲಿ ಜನತಾದಳದ ರತ್ನಮಾಲಾ ಸವಣೂರ ಆ ಕೋಟೆಯನ್ನು ಒಡೆದರು. ನಂತರ ಬಂದ ರಮೇಶ ಜಿಗಜಿಣಗಿ 1998ರಲ್ಲಿ ಲೋಕಶಕ್ತಿಯಿಂದ, 1999ರಲ್ಲಿ ಸಂಯುಕ್ತ ಜನತಾದಳದಿಂದ, 2004ರಲ್ಲಿ ಬಿಜೆಪಿಯಿಂದ ಗೆದ್ದರು. ಮೂರು ಚುನಾವಣೆ, ಮೂರು ಪಕ್ಷ, ಸಂಸದರು ಮಾತ್ರ ಒಬ್ಬರೇ. ಇಂದಿನ ಅಥಣಿ, ಕಾಗವಾಡಗಳ ಪಾಠ ಅಂದೇ ಶುರುವಾಗಿತ್ತು ಎನ್ನಬೇಕು.

ಕಬ್ಬಿನ ಚೀಟಿ, ಮತದ ಚೀಟಿ

ಇದರ ಗುಟ್ಟು ಹುಡುಕಲು ಪಕ್ಷದ ಕಚೇರಿಗೆ ಹೋಗಬೇಕಾಗಿಲ್ಲ, ಕಬ್ಬಿನ ಗದ್ದೆಗೆ ಹೋದರೆ ಸಾಕು. ಬಲಿತ ಕಬ್ಬು ಕಾಯುವುದಿಲ್ಲ. ಕಟಾವು ತಡವಾದರೆ ತೂಕ ಇಳಿಯುತ್ತದೆ, ಕಡಿದದ್ದು ಬೇಗ ಗಾಣಕ್ಕೆ ಹೋಗದಿದ್ದರೆ ರಸ ಕೆಡುತ್ತದೆ. ಕಡಿಯುವ ಟೋಳಿ ಯಾವ ದಿನ ಬರಬೇಕೆಂದು ನಿರ್ಧರಿಸುವುದು ಕಾರ್ಖಾನೆ. ಬೀಜ, ಗೊಬ್ಬರ, ಮಗಳ ಮದುವೆ ಎಲ್ಲಕ್ಕೂ ಸಾಲ ಕೊಡುವುದು ಊರಿನ ಸೊಸಾಯಿಟಿ. ಎರಡನ್ನೂ ನಡೆಸುವವರು ಬಹುಮಟ್ಟಿಗೆ ಚುನಾವಣೆಗೆ ನಿಲ್ಲುವವರೇ, ಇಲ್ಲವೇ ಅವರ ಕಡೆಯವರು. ಮತದ ಚೀಟಿ ಗುಪ್ತ, ಕಬ್ಬಿನ ಚೀಟಿ ಬಹಿರಂಗ. ವೋಟಿಗಾಗಿ ಯಾರಾದರೂ ಕಟಾವು ತಡೆಯುತ್ತಾರೆ ಎಂದಲ್ಲ. ತಡೆದರೆ ಏನು ಗತಿ ಎಂಬ ಅಳುಕೇ ಸಾಕಲ್ಲ!

ಹೀಗೆಂದು ಎಲ್ಲವನ್ನೂ ಅಳುಕಿನ ಲೆಕ್ಕಕ್ಕೆ ಬರೆಯುವುದೂ ತಪ್ಪು. ಕಷ್ಟಕ್ಕೆ ಕೈಗೆಟಕುವ ಮನುಷ್ಯ ಜನರಿಗೆ ಬೇಕು. 2014ರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಬಿಜೆಪಿಗೆ ಒಲಿದಾಗ ಚಿಕ್ಕೋಡಿಯಲ್ಲಿ ಕಾಂಗ್ರೆಸ್ಸಿನ ಪ್ರಕಾಶ ಹುಕ್ಕೇರಿ 3,003 ಮತಗಳಿಂದ ದಡ ಸೇರಿದ್ದು ಈ ಗುಣದಿಂದಲೇ. ಆದರೆ ಮುಂದಿನ ಸಲ, 2019ರಲ್ಲಿ, ಅದೇ ಹುಕ್ಕೇರಿಯವರು ಅಣ್ಣಾಸಾಹೇಬ ಜೊಲ್ಲೆಯವರ ಎದುರು ಲಕ್ಷಕ್ಕೂ ಮಿಕ್ಕಿ ಮತಗಳಿಂದ ಸೋತರು. 2024ರಲ್ಲಿ ಜೊಲ್ಲೆಯವರನ್ನು ಕಾಂಗ್ರೆಸ್ಸಿನ ಪ್ರಿಯಾಂಕಾ ಜಾರಕಿಹೊಳಿ 90 ಸಾವಿರಕ್ಕೂ ಹೆಚ್ಚು ಮತಗಳಿಂದ ಮಣಿಸಿದರು. ವ್ಯಕ್ತಿಯ ಹಿಡಿತಕ್ಕೂ ಒಂದು ಮಿತಿಯಿದೆ ಎಂದಾಯಿತು.

ಭಾಷೆ ಮತ್ತು ಬೆಲೆ

ನಿಪ್ಪಾಣಿಯ ದಾರಿ ಸ್ವಲ್ಪ ಬೇರೆ. ಮರಾಠಿ ಮನೆಮಾತಿನವರು ಹೆಚ್ಚಿರುವ ಈ ತಂಬಾಕಿನ ಪೇಟೆಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯ ದನಿ ಹಿಂದೆ ಜೋರಾಗಿತ್ತು. 1981ರಲ್ಲಿ ಶರದ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತರು, ಗೋಲಿಬಾರಿನಲ್ಲಿ ರೈತರು ಸತ್ತರು. ಬೆಲೆ ಕೇಳಲು ಕುಳಿತವರು ಪರಸ್ಪರರ ಮನೆಮಾತು ವಿಚಾರಿಸಿರಲಿಕ್ಕಿಲ್ಲ. 2013ರಿಂದ ಮೂರು ಬಾರಿ ಇಲ್ಲಿ ಬಿಜೆಪಿಯ ಶಶಿಕಲಾ ಜೊಲ್ಲೆ ಗೆದ್ದಿದ್ದಾರೆ. 2023ರಲ್ಲಿ ಅವರ ಹತ್ತಿರಕ್ಕೆ ಬಂದವರು ಶರದ ಪವಾರರ ಪಕ್ಷದ ಉತ್ತಮ ಪಾಟೀಲರು. ಕಾಂಗ್ರೆಸ್ಸಿಗೆ ಮೂರನೆಯ ಸ್ಥಾನ.

ಮೀಸಲು ಕ್ಷೇತ್ರವಾದ ರಾಯಬಾಗದಲ್ಲಿ 2008ರಿಂದ ಬಿಜೆಪಿಯ ದುರ್ಯೋಧನ ಐಹೊಳೆ ಸೋತಿಲ್ಲ. ಆದರೂ 2023ರಲ್ಲಿ ಅವರಿಗೆ ಬೆವರಿಳಿಸಿದವರು ನಿವೃತ್ತ ಐಎಎಸ್ ಅಧಿಕಾರಿ, ಪಕ್ಷೇತರ ಶಂಭು ಕಲ್ಲೋಳಿಕರ. ಕಾಂಗ್ರೆಸ್ ಇಲ್ಲೂ ಮೂರನೆಯದು. ಪಕ್ಷವೇ ಇಲ್ಲದವರಿಗೂ ಇಲ್ಲಿ ಮತ ಬೀಳುತ್ತದೆ.

ಇಷ್ಟೆಲ್ಲದರ ನಡುವೆ ಮತದಾರನಿಗೆ ದಕ್ಕಿದ್ದೇನು? 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ನದಿದಂಡೆಯ ಹಳ್ಳಿಗಳನ್ನು ಮುಳುಗಿಸಿದಳು. ನಾಲ್ಕೇ ತಿಂಗಳಿಗೆ ಕಾಗವಾಡ, ಅಥಣಿಯವರು ಉಪಚುನಾವಣೆಯ ಸಾಲಿನಲ್ಲಿ ನಿಂತರು. ಅದೇ ಸೀಮೆಯ ಎತ್ತರದ ಹಳ್ಳಿಗಳಿಗೆ ಬೇಸಿಗೆ ಬಂತೆಂದರೆ ಕುಡಿಯಲೂ ನೀರಿಲ್ಲ. ಖಿಳೇಗಾಂವಿ ಬಸವೇಶ್ವರ ಏತ ನೀರಾವರಿಯ ಮಾತು ಪ್ರತಿ ಚುನಾವಣೆಯ ಭಾಷಣದಲ್ಲೂ ಹರಿಯುತ್ತದೆ.

ನಾಯಕರು ಪಕ್ಷ ಬದಲಿಸುವುದನ್ನು ಈ ಜನ ಕಂಡು ಕಂಡು ಬೇಸತ್ತಿರಬಹುದು, ಅಚ್ಚರಿಪಡುವುದನ್ನಂತೂ ಬಿಟ್ಟಿದ್ದಾರೆ. ಚಿಹ್ನೆಯನ್ನು ನಂಬದ ಮತದಾರ ಮನುಷ್ಯನನ್ನು ನೋಡಿ ಒತ್ತುತ್ತಾನೆ, ಆ ಮನುಷ್ಯ ಮರೆತರೆ ಐದು ವರ್ಷಕ್ಕೆ ಲೆಕ್ಕ ಚುಕ್ತಾ ಮಾಡುತ್ತಾನೆ. ಕಾಗವಾಡದಲ್ಲಿ ಅದೇ ಹೆಸರು, ಅದೇ ಚಿಹ್ನೆಯ ನಡುವೆಯೂ ಫಲಿತಾಂಶ ತಿರುಗಿದ್ದು ಹಾಗೆಯೇ ಇರಬೇಕು. ಅದಕ್ಕೆ ಐದು ವರ್ಷ ಕಾಯಬೇಕಲ್ಲ ಎಂಬುದೇ ಬೇಸರ. ಬಲಿತ ಕಬ್ಬಿನಂತೆ, ಬಾಯಾರಿದ ಊರೂ ಅಷ್ಟು ದಿನ ಕಾಯಲಾರದು.