ಸೀತನಿ ಮೆಚ್ಚುವ ಕಾಕಟೀಲ್: ನಿಮಗಿದು ಗೊತ್ತೇ?

ಗದಗ ಸೀಮೆಯ ಅಸುಂಡಿಯ ಎರೆಹೊಲದಲ್ಲಿ ಜೋಳ ಹಾಲುಗಾಳಾದಾಗ ಸೀತನಿ ಬೇಡ ಅನ್ನುವವರು ಯಾರಿದ್ದಾರೆ? ಈಗ ಕೇಳಿ: ಆಸ್ಟ್ರೇಲಿಯಾದ ಕಾಕಟೀಲ್ ಹಕ್ಕಿಗೂ ಅದೇ ರುಚಿ! ಅಲ್ಲಿನ ಜೋಳದ ಹೊಲಗಳಿಗೆ ಹಿಂಡುಗಟ್ಟಿ ಇಳಿಯುತ್ತದೆ. ಬಲಿತ ಗಟ್ಟಿ ಕಾಳಿಗಿಂತ ಎಳೆಯ, ಮೆತ್ತನೆಯ ಕಾಳೇ ಅದಕ್ಕೆ ಇಷ್ಟ. ಸೂರ್ಯಕಾಂತಿಯನ್ನೂ ಬಿಡುವುದಿಲ್ಲ. ನಾವು ಮುದ್ದಿನಿಂದ ಸಾಕುವ ಹಕ್ಕಿ ಅಲ್ಲಿನ ರೈತರಿಗೆ ಬೆಳೆಗಳ್ಳ!

ಹಾಗಾಗಿ ಗದಗ ಸೀಮೆಯಲ್ಲಿ ಇದಕ್ಕೆ ಊಟದ ಚಿಂತೆಯಿಲ್ಲ. ನವಣೆ, ಸಜ್ಜೆ, ಜೋಳ ಎಲ್ಲವೂ ಸೇರುತ್ತದೆ. ಜೊತೆಗೆ ಹಸಿ ಸೊಪ್ಪು, ತರಕಾರಿ ಬೇಕೇ ಬೇಕು. ಸೂರ್ಯಕಾಂತಿ ಬೀಜ ಮಾತ್ರ ಕೈ ಬಿಗಿಹಿಡಿದು ಹಾಕಿ, ಅದರಲ್ಲಿ ಕೊಬ್ಬು ಹೆಚ್ಚು.

ದೊಡ್ಡ ಬಿಳಿ ಕಾಕಟೂ ನೋಡಿದ್ದೀರಲ್ಲ? ಅದೇ ಕುಟುಂಬದ ಅತಿ ಪುಟ್ಟ ಸದಸ್ಯ ಈ ಕಾಕಟೀಲ್. ತೂಕ ಸುಮಾರು 100 ಗ್ರಾಂ, ಅಷ್ಟೇ!

ಗಿಳಿಗಳ ನೆಂಟ. ಆದರೆ ಮೈಮೇಲೆ ಒಂದೇ ಒಂದು ಹಸಿರು ಗರಿ ಹುಡುಕಿ ನೋಡೋಣ. ಸಿಗುವುದೇ ಇಲ್ಲ!

ತಲೆಯ ಜುಟ್ಟು ಅದರ ಮನಸ್ಸಿನ ಕನ್ನಡಿ. ನೆಟ್ಟಗೆ ನಿಂತರೆ ಬೆರಗು ಅಥವಾ ಗಾಬರಿ. ತಲೆಗಂಟಿ ಮಲಗಿ, ಬಾಯಿಂದ ಬುಸ್ ಅಂದರೆ ಸಿಟ್ಟು. ಆಗ ಬೆರಳು ಹಿಂದಕ್ಕೆ ತೆಗೆದುಕೊಳ್ಳಿ!

ಮೊಟ್ಟೆಗೆ ಕಾವು ಕೊಡುವುದರಲ್ಲೂ ಪಾಳಿ ಉಂಟು. ಹಗಲು ಪಾಳಿ ಹೆಚ್ಚಾಗಿ ಅಪ್ಪನದು, ರಾತ್ರಿ ಪಾಳಿ ಅಮ್ಮನದು. ಎಂಥ ಹೊಂದಾಣಿಕೆ ನೋಡಿ!

ಕೆಂಪು ಕಣ್ಣಿನ ಬಿಳಿ ಕಾಕಟೀಲ್ ಕಂಡಿದ್ದೀರಾ? ಆ ತಳಿ ಮೊದಲು ಕಾಣಿಸಿಕೊಂಡಿದ್ದು 1958ರಲ್ಲಿ, ಅಮೆರಿಕದ ಫ್ಲೋರಿಡಾದಲ್ಲಿ. ಕಾಕಟೀಲ್‌ನ ಮೂಲ ಬಣ್ಣ ಬೂದು!

ನಮ್ಮ ಹೊಲದ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇದು ಎಷ್ಟೋ ಮನೆಗಳಿಗೆ ಇನ್ನೂ ತಿಳಿದಿಲ್ಲ, ದಯವಿಟ್ಟು ನೆರೆಹೊರೆಗೂ ಹೇಳಿ. ಕಾಕಟೀಲ್ ವಿದೇಶಿ ಹಕ್ಕಿ, ಅದಕ್ಕೆ ಈ ನಿಷೇಧ ಇಲ್ಲ. ಆಸ್ಟ್ರೇಲಿಯಾ ತನ್ನ ಕಾಡುಹಕ್ಕಿಗಳ ವ್ಯಾಪಾರಿ ರಫ್ತನ್ನು 1960ರಲ್ಲೇ ನಿಲ್ಲಿಸಿದೆ. ಅಂದರೆ ಅಂಗಡಿಯಲ್ಲಿ ಕಾಣುವ ಮರಿಗಳು ತಲೆಮಾರುಗಳಿಂದ ಮನುಷ್ಯರ ನಡುವೆಯೇ ಹುಟ್ಟಿ ಬೆಳೆದವು!

ಕತ್ತಲಲ್ಲಿ ಸಣ್ಣ ಸದ್ದಾದರೂ ಕಾಕಟೀಲ್ ಬೆಚ್ಚಿಬಿದ್ದು ಪಂಜರವಿಡೀ ರೆಕ್ಕೆ ಬಡಿಯುತ್ತದೆ. ಪುಟ್ಟ ದೀಪವೊಂದು ಉರಿಯುತ್ತಿದ್ದರೆ ಅದಕ್ಕೆ ಎಷ್ಟೋ ಧೈರ್ಯ.

ಅಡುಗೆಮನೆಯೂ ಇದಕ್ಕೆ ಅಪಾಯದ ಜಾಗ! ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಬರುವ ಹೊಗೆ ನಿಮಗೆ ತಿಳಿಯದೇ ಹೋಗಬಹುದು, ಹಕ್ಕಿಯನ್ನು ನಿಮಿಷಗಳಲ್ಲೇ ಕೊಲ್ಲಬಲ್ಲದು. ರೊಟ್ಟಿ ಬೇಯಿಸುವ ನಮ್ಮ ಹಳೇ ಕಬ್ಬಿಣದ ಹಂಚಿನಲ್ಲಿ ಆ ವಿಷವಿಲ್ಲ!