ಬ್ಯಾಂಕಿನ ಕರೆಯೋ, ಠಕ್ಕರ ಕರೆಯೋ?

ಹಿಂದೆಲ್ಲ ಸುಗ್ಗಿಯಲ್ಲಿ ಬೆಳೆಗಾರನ ಚಿಂತೆ ಕಣದಲ್ಲಿ ಒಣಗುತ್ತಿರುವ ಮಾಲಿನ ಮೇಲಿರುತ್ತಿತ್ತು. ಮಾಲು ಮಾರಿ ಹಣ ಬ್ಯಾಂಕಿಗೆ ಜಮೆಯಾಯಿತೆಂದರೆ ನಿಶ್ಚಿಂತೆ. ಈಗ ಚಿಂತೆ ಅಲ್ಲಿಂದಲೇ ಆರಂಭವಾಗುವ ಕಾಲ ಬಂದಿದೆ. ಬ್ಯಾಂಕಿನ ಹೆಸರಿನಲ್ಲಿ ಬರುವ ದೂರವಾಣಿ ಕರೆಗಳ ಬಗ್ಗೆ ಸಂಘದ ಕಚೇರಿಗೆ ಬಂದು ವಿಚಾರಿಸುವ ಸದಸ್ಯ ಬಂಧುಗಳು ಹೆಚ್ಚುತ್ತಿರುವುದರಿಂದ ಈ ಸಂಚಿಕೆಯಲ್ಲಿ ಆ ವಿಷಯವಾಗಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಇಂಥ ಕರೆ ಬಂದರೆ ಕೂಡಲೇ ಇಟ್ಟುಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಮಹಾಸಭೆಯಲ್ಲಿ ನಾವೂ ಹಾಗೆಯೇ ಹೇಳಿದ್ದೆವು. ಅದರ ಫಲ ಏನಾಯಿತು ಕೇಳಿರಿ. ನಮ್ಮ ಸದಸ್ಯರೊಬ್ಬರ ಕಾರ್ಡಿನ ಮೇಲೆ ಯಾರೋ ದೂರದ ಊರಿನಲ್ಲಿ ಖರೀದಿಗೆ ಕೈಹಾಕಿದಾಗ ಬ್ಯಾಂಕಿನವರೇ ಕರೆ ಮಾಡಿದರು. ನಮ್ಮವರು 'ನಿನ್ನಂಥವರನ್ನು ಬಹಳ ನೋಡಿದ್ದೇನೆ' ಎಂದು ಗದರಿಸಿ ಇಟ್ಟುಬಿಟ್ಟರು. ಮೂರನೆಯ ದಿನ ಪೇಟೆಗೆ ಹೋಗಿ ಪಾಸ್‌ಬುಕ್ ಬರೆಸಿದಾಗ ಗೊಬ್ಬರಕ್ಕೆಂದು ಇಟ್ಟ ಹಣ ಹೋಗಿತ್ತು. ನಾವು ಹೇಳಿದ ಬುದ್ಧಿ ಅರ್ಧ ಮಾತ್ರವಾಗಿತ್ತು. ಕರೆ ಇಟ್ಟ ಮೇಲೆ ಏನು ಮಾಡಬೇಕೆಂಬುದನ್ನು ನಾವು ಹೇಳಿರಲಿಲ್ಲ.

ಬ್ಯಾಂಕಿನವರು ನಿಜವಾಗಿಯೂ ಕರೆ ಮಾಡುತ್ತಾರೆ. ನಿಮ್ಮ ಎಂದಿನ ವಹಿವಾಟಿಗೆ ಹೊಂದದ ಖರ್ಚು ಕಂಡರೆ ಅವರ ಗಣಕಯಂತ್ರಕ್ಕೆ ಸಂಶಯ ಬರುತ್ತದೆ. ಆಗ ಒಬ್ಬ ಅಧಿಕಾರಿಯೋ ಮುದ್ರಿತ ಧ್ವನಿಯೋ 'ಇಷ್ಟು ರೂಪಾಯಿ, ಇಂಥ ಕಡೆ, ಇದು ನೀವೇ ಮಾಡಿದ್ದೇ?' ಎಂದು ಕೇಳುತ್ತದೆ. ಹೌದು ಅಥವಾ ಅಲ್ಲ ಎಂದರೆ ಮುಗಿಯಿತು. ಅಲ್ಲ ಎಂದರೆ ಕಾರ್ಡನ್ನು ತಡೆಹಿಡಿಯುತ್ತಾರೆ. ಇದಕ್ಕೆ ನಿಮ್ಮ ಓಟಿಪಿ ಬೇಡ, ಪಿನ್ ಬೇಡ, ಕಾರ್ಡಿನ ಹಿಂದಿನ ಮೂರು ಅಂಕಿಯೂ ಬೇಡ. ನಮ್ಮ ಗೋದಾಮಿನ ಬೀಗ ಒತ್ತಿದರೆ ತಾನೇ ಹಾಕಿಕೊಳ್ಳುತ್ತದೆ, ತೆಗೆಯುವುದಕ್ಕೆ ಮಾತ್ರ ಕೀಲಿ ಬೇಕು. ಓಟಿಪಿಯೂ ಪಿನ್ನೂ ಅಂಥ ಕೀಲಿಗಳು. ಹಣ ಹೊರಗೆ ಹೋಗಲು ಅವು ಬೇಕು, ನಿಲ್ಲಿಸಲು ಬೇಡ, ಒಳಗೆ ಬರಲಂತೂ ಬೇಡವೇ ಬೇಡ. 'ನಿಮಗೆ ಸಹಾಯಧನ ಬಂದಿದೆ, ಯುಪಿಐ ಪಿನ್ ಒತ್ತಿ' ಎನ್ನುವವನು ಕೊಡಲು ಬಂದವನಲ್ಲ, ಒಯ್ಯಲು ಬಂದವನು.

ಇಷ್ಟು ತಿಳಿದವರಿಗೂ ಎಡವಟ್ಟಾಗುತ್ತದೆ. ಪದವೀಧರರೆಂಬ ಜಂಭ ನಮಗೂ ಇದ್ದಿತು. ಕಾಫಿ ಕೊಯ್ಲಿನ ಕಾಲ, ಶನಿವಾರ, ಬಟವಾಡೆಯ ಗಡಿಬಿಡಿ. ಹಣ್ಣು ತೂಕ ಮಾಡಿಸುತ್ತಿರುವಾಗ ಕರೆ ಬಂತು. ಕೆವೈಸಿ ಮುಗಿದಿದೆ, ಸಂಜೆಯೊಳಗೆ ಖಾತೆ ನಿಲ್ಲುತ್ತದೆ ಎಂದರು. ನಮ್ಮ ಹೆಸರು, ಶಾಖೆ, ಖಾತೆಯ ಕೊನೆಯ ಅಂಕಿಗಳು ಎಲ್ಲವನ್ನೂ ಸರಿಯಾಗಿಯೇ ಹೇಳಿದರು. ಆಳುಗಳು ಎದುರಿಗೆ ನಿಂತಿದ್ದಾರೆ, ಖಾತೆ ನಿಂತರೆ ಏನು ಗತಿ? ಬಂದ ಆರು ಅಂಕಿಗಳಲ್ಲಿ ಮೂರನ್ನು ಓದಿಯೇಬಿಟ್ಟೆವು. ತೂಕ ಬರೆಯುತ್ತಿದ್ದ ಹುಡುಗ 'ಅದ್ಯಾಕೆ ಸಾರ್ ಅವರಿಗೆ?' ಎಂದು ಕೇಳದಿದ್ದರೆ ಉಳಿದ ಮೂರನ್ನೂ ಓದುತ್ತಿದ್ದೆವು. ಕೆವೈಸಿ ನವೀಕರಣವೆಂಬುದು ಸುಳ್ಳಲ್ಲ, ಬ್ಯಾಂಕು ಆಗಾಗ ಕೇಳುವುದುಂಟು. ಅದಕ್ಕೇ ಆ ನೆಪ ನಾಟುತ್ತದೆ. ಹೆಸರು, ಅಂಕಿ ಸರಿಯಾಗಿ ಹೇಳಿದರೆಂಬುದು ಯಾವ ಪುರಾವೆಯೂ ಅಲ್ಲ. ಈ ವಿವರಗಳು ಎಲ್ಲೆಲ್ಲಿಂದಲೋ ಸೋರಿಹೋಗಿರುತ್ತವೆ.

ಇನ್ನು ಕರೆ ಬಂದ ನಂಬರು. ಸೇವೆ ಮತ್ತು ವಹಿವಾಟಿನ ಕರೆಗಳನ್ನು 1600 ರಿಂದ ಆರಂಭವಾಗುವ ನಂಬರಿನಿಂದಲೇ ಮಾಡಬೇಕೆಂದೂ, ಪ್ರಚಾರದ ಕರೆಗಳಿಗೆ 140 ರ ಸಾಲು ಬಳಸಬೇಕೆಂದೂ ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ತಿಳಿಸಿತು. ಆದುದರಿಂದ ಸಾಮಾನ್ಯ ಮೊಬೈಲ್ ನಂಬರಿನಿಂದ 'ಪ್ರಧಾನ ಕಚೇರಿ' ಎಂದು ಹೇಳಿಕೊಂಡು ಬರುವ ಕರೆಯನ್ನು ಸಂಶಯದಿಂದಲೇ ನೋಡಬೇಕು. ಹಾಗೆಂದು ನಂಬರೊಂದನ್ನೇ ನೆಚ್ಚುವಂತಿಲ್ಲ. ನಮ್ಮ ಕಡೆ ಶಾಖೆಯ ಮ್ಯಾನೇಜರರು ಬೆಳೆಸಾಲದ ವಿಷಯಕ್ಕೆ ತಮ್ಮ ಕೈಫೋನಿನಿಂದಲೇ ಕರೆಯುವುದುಂಟು. ಬೇರೆಯವರ ನಂಬರನ್ನು ಪರದೆಯ ಮೇಲೆ ಮೂಡಿಸುವ ಠಕ್ಕರೂ ಇದ್ದಾರೆ.

ಹಾಗಾದರೆ ಪರೀಕ್ಷೆ ಯಾವುದು? ಕರೆ ಇಟ್ಟು, ನೀವಾಗಿಯೇ ತಿರುಗಿ ಕರೆಯುವುದು. ಕಾರ್ಡಿನ ಹಿಂಬದಿಯಲ್ಲೋ ಪಾಸ್‌ಬುಕ್ಕಿನಲ್ಲೋ ಅಚ್ಚಾದ ನಂಬರಿಗೆ, ಇಲ್ಲವೇ ನಿಮಗೆ ಗೊತ್ತಿರುವ ಶಾಖೆಗೆ. ಕರೆದವನೇ ಕೊಟ್ಟ ನಂಬರಿಗೆ ಅಲ್ಲ. ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ್ದಕ್ಕೂ ಅಲ್ಲ, ಅಲ್ಲಿ ಸುಳ್ಳು ಗ್ರಾಹಕ ಸೇವೆಯ ನಂಬರುಗಳನ್ನು ಹಾಕಿ ಕಾಯುವವರಿದ್ದಾರೆ. 'ನಾನೇ ಶಾಖೆಗೆ ಕರೆ ಮಾಡಿ ವಿಚಾರಿಸುತ್ತೇನೆ' ಎಂದರೆ ನಿಜವಾದ ಬ್ಯಾಂಕಿನವರಿಗೆ ನಷ್ಟವೇನೂ ಇಲ್ಲ. ಠಕ್ಕನಿಗೆ ಅಷ್ಟು ಕಾಲ ಕೊಡಲಾಗದು. ಫೋನ್ ಇಡಬೇಡಿ, ಮನೆಯವರಿಗೂ ಹೇಳಬೇಡಿ, ಈಗಿಂದೀಗಲೇ ಮಾಡಿ ಎಂದು ಅವಸರಿಸುತ್ತಾನೆ. ಪೊಲೀಸರ ಹೆಸರಿನಲ್ಲಿ ವಿಡಿಯೋ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವುದೂ ಇದೇ ಜಾತಿಯದು. ಅಂಥ ಬಂಧನ ನಮ್ಮ ಕಾನೂನಿನಲ್ಲಿಯೇ ಇಲ್ಲ. ತೋಟದಲ್ಲಿ ಸಿಗ್ನಲ್ ಸಿಗುವುದಿಲ್ಲ, ದಿಬ್ಬ ಹತ್ತಬೇಕು ಎಂದು ಗೊಣಗುವ ಸದಸ್ಯರಿದ್ದಾರೆ. ಹತ್ತಿರಿ. ದಿಬ್ಬದ ತುದಿ ಮುಟ್ಟುವುದರೊಳಗೆ ಗಾಬರಿಯೂ ಅರ್ಧ ಇಳಿದಿರುತ್ತದೆ.

ಓಟಿಪಿಯನ್ನು ಯಾರಿಗೂ ಹೇಳಲಿಲ್ಲ, ಆದರೂ ಹಣ ಹೋಯಿತು ಎಂಬ ದೂರೂ ಉಂಟು. ವಾಟ್ಸಾಪಿನಲ್ಲಿ ಪಿಎಂ ಕಿಸಾನ್ ಎಂದೋ ಕೆವೈಸಿ ಎಂದೋ ಹೆಸರಿಟ್ಟು ಎಪಿಕೆ ಎಂಬ ಕಡತ ಬರುತ್ತದೆ. ಅದನ್ನು ಫೋನಿಗೆ ಹಾಕಿಕೊಂಡರೆ ನಿಮ್ಮ ಸಂದೇಶಗಳನ್ನು ಅದೇ ಓದಿ ಠಕ್ಕನಿಗೆ ರವಾನಿಸಬಲ್ಲದು. ಪರಿಚಿತರ ನಂಬರಿನಿಂದ ಬಂದಿದ್ದರೂ ತೆರೆಯಬೇಡಿ. ಅವರ ಫೋನೇ ಠಕ್ಕರ ಕೈವಶವಾಗಿರಬಹುದು.

ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿರಿ, ಬ್ಯಾಂಕಿಗೂ ತಿಳಿಸಿರಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ; ನಗದಾಗಿ ತೆಗೆಯುವ ಮೊದಲೇ ಸುದ್ದಿ ಮುಟ್ಟಿದರೆ ದಾರಿಯಲ್ಲಿಯೇ ತಡೆಯಲು ಸಾಧ್ಯ. ಗ್ರಾಹಕನ ಅಜಾಗರೂಕತೆಯಿಂದ ಗುಟ್ಟು ಬಿಟ್ಟುಹೋಗಿದ್ದರೆ ದೂರು ಕೊಡುವವರೆಗಿನ ನಷ್ಟ ಅವನದು, ದೂರು ಕೊಟ್ಟ ನಂತರದ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ಹೇಳಿತ್ತು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದವರಿಗೆ ಆ ಎರಡು ದಿನದ ನಷ್ಟವೂ ಸೇರುತ್ತದೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಈ ಭಾಗದ ಬ್ಯಾಂಕು ಶಾಖೆಗಳ ನಂಬರುಗಳನ್ನು ಸಂಘದ ಸೂಚನಾ ಫಲಕದಲ್ಲಿ ದೊಡ್ಡಕ್ಷರದಲ್ಲಿ ಬರೆಸಿ ಹಾಕಿದ್ದೇವೆ. ಮುಂದಿನ ಸಲ ಬಂದಾಗ ನಿಮ್ಮ ಶಾಖೆಯದನ್ನು ಬರೆದುಕೊಂಡು ಹೋಗಿ ಮನೆಯ ಗೋಡೆಗೆ ಅಂಟಿಸಿರಿ. ಮಾಲಿನ ಹಣವನ್ನು ಸಂಘವು ಸದಸ್ಯರ ದಾಖಲೆಯಲ್ಲಿರುವ ಖಾತೆಗೆ ಮಾತ್ರ ಜಮೆ ಮಾಡುತ್ತದೆ. ಕಾರ್ಯದರ್ಶಿಯ ಹೆಸರು ಹೇಳಿ ಯಾರಾದರೂ ಖಾತೆ ನಂಬರನ್ನೋ ಓಟಿಪಿಯನ್ನೋ ಕೇಳಿದರೆ, ಅವರನ್ನೂ ಗದರಿಸಿ ಇಟ್ಟು, ನಮ್ಮ ಕಚೇರಿಗೆ ಒಂದು ಕರೆ ಮಾಡಿರಿ.